ಮನೆಯೊಳಗಣ ನಿಸ್ತಂತು ವೇಗವೂ ಮನೆಗೆ ಬರುವ ತಂತಿಯ ವೇಗವೂ

ನಮ್ಮ ದಾನಶಾಸನಗಳನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರುವರು. ಭೂಮಿಯನ್ನು ದತ್ತಿಯಾಗಿ ಬಿಡುವಾಗ ಇಂತಿಷ್ಟು ಮತ್ತರೆಂದು ಹೇಳಿ ನಿಲ್ಲಿಸದೆ, ಅದನ್ನು ಯಾವ ಗಳೆಯಿಂದ ಅಳೆದುದೆಂಬುದನ್ನೂ ಹಲವೆಡೆಗಳಲ್ಲಿ ನಮೂದಿಸಿರುವರು; ಭೇರುಂಡ ಗಳೆಯ ಹೆಸರು ಶಾಸನಾಭ್ಯಾಸಿಗಳಿಗೆ ಅಪರಿಚಿತವಲ್ಲ. ಗಳೆಯು ಎಡೆಯಿಂದೆಡೆಗೆ ಬೇರೆಯಾಗುತ್ತಿದ್ದುದರಿಂದ, ಅದರ ಹೆಸರನ್ನು ಬಿಟ್ಟ ಸಂಖ್ಯೆಯು ವ್ಯಾಜ್ಯಕ್ಕೆ ಎಡೆಗೊಡುತ್ತಿದ್ದಿತು. ಇಂದು ಅಂತರಜಾಲದ ಸಂಪರ್ಕವನ್ನು ಪಡೆದ ಮನೆಗಳಲ್ಲಿ ‘ವೇಗ’ವೆಂಬ ಒಂದೇ ಹೆಸರಿನಿಂದ ಎರಡು ಸಂಖ್ಯೆಗಳು ಬಳಕೆಯಲ್ಲಿವೆ. ಒಂದು, ತಿಂಗಳ ಬಿಲ್ಲಿನಲ್ಲಿ ಕಾಣತಕ್ಕ ಬ್ರಾಡ್‌ಬ್ಯಾಂಡ್ ವೇಗ. ಮತ್ತೊಂದು, ವೈಫೈ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ, ಅಥವಾ ಸಂಪರ್ಕವು ಕೂಡಿಕೊಂಡೊಡನೆ ಗಣಕದ ತೆರೆಯಲ್ಲಿ ಕಾಣಿಸುವ ನಿಸ್ತಂತು ವೇಗ. ಈ ಎರಡಕ್ಕೂ ಗಳೆಯ ಹೆಸರನ್ನು ಯಾರೂ ಬರೆದಿಲ್ಲ. ಬಿಲ್ಲಿನಲ್ಲಿ ನೂರು, ಪೆಟ್ಟಿಗೆಯ ಮೇಲೆ ಸಾವಿರದ ಇನ್ನೂರು, ಹಿಂದಿನ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೆ ದೊರೆಯುವುದು ಹತ್ತು: ಈ ಮೂರನ್ನು ಹೊಂದಿಸಲಾರದ ಗೃಹಸ್ಥನು ತಂತಿಯವನನ್ನು ದೂರುವನು, ಇಲ್ಲವೆ ಹೆಚ್ಚು ಹಣ ತೆತ್ತು ಬಿಲ್ಲಿನ ನೂರನ್ನು ಇನ್ನೂರು ಮಾಡಿಸಿಕೊಳ್ಳುವನು, ಹತ್ತು ಮಾತ್ರ ಹತ್ತಾಗಿಯೇ ಉಳಿಯುವುದು. ಈ ಎರಡು ಅಳತೆಗಳು ಬೇರೆ ಬೇರೆ ಮೂಲಗಳಿಂದ ಹುಟ್ಟಿ, ಬೇರೆ ಬೇರೆ ಕೈಗಳಲ್ಲಿ ಬೆಳೆದು, ತೀರ ಈಚೆಗೆ ಒಂದೇ ಪೆಟ್ಟಿಗೆಯೊಳಗೆ ಸೇರಿದವೆಂಬುದನ್ನೂ, ಇವುಗಳಲ್ಲಿ ಯಾವುದು ಇಕ್ಕಟ್ಟಾದುದೆಂಬ ಪ್ರಶ್ನೆಗೆ ೧೯೯೯ರಲ್ಲಿ ಸಲ್ಲುತ್ತಿದ್ದ ಉತ್ತರವು ಇಂದು ಅನೇಕ ಮನೆಗಳಲ್ಲಿ ತಲೆಕೆಳಗಾಗಿರುವುದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಶಬ್ದವಿಚಾರ. ‘ವೇಗ’ವೆಂಬುದು ಇಲ್ಲಿ ರೂಢಿಯ ಮಾತೇ ಹೊರತು ಯಥಾರ್ಥವಾದುದಲ್ಲ. ಸಂಕೇತವು ಗಾಳಿಯಲ್ಲಿ ಬೆಳಕಿನ ವೇಗದಿಂದಲೂ, ತಾಮ್ರದಲ್ಲಿ ಮತ್ತು ಗಾಜಿನ ಎಳೆಯಲ್ಲಿ ಅದರ ಬಹುಭಾಗದಷ್ಟು ವೇಗದಿಂದಲೂ ಚಲಿಸುವುದು. ಹೆಚ್ಚು ಹಣ ಕೊಟ್ಟವನಿಗಾಗಿ ಅದು ಬೇಗ ಓಡುವುದಿಲ್ಲ. ನಾವು ಅಳೆಯುವುದು ಒಂದು ಸೆಕೆಂಡಿನಲ್ಲಿ ದಾಟುವ ಬಿಟ್ಟುಗಳ ಮೊತ್ತವನ್ನು. ಕೆರೆಯ ತೂಬು, ಕಾಲುವೆ, ಗದ್ದೆಯ ಬಾಯಿ, ಇವುಗಳಲ್ಲಿ ಎಲ್ಲಕ್ಕಿಂತ ಕಿರಿದಾದುದು ಎಷ್ಟು ನೀರನ್ನು ಬಿಡುವುದೋ ಪೈರಿಗೆ ಅಷ್ಟೇ ನೀರು. ‘ಬಿಟ್’ ಎಂಬ ಶಬ್ದವು ೧೯೪೮ರಲ್ಲಿ ಪ್ರಕಟವಾದ ಕ್ಲಾಡ್ ಷಾನನ್ನರ ಪ್ರಬಂಧದಿಂದ ಪ್ರಚಾರಕ್ಕೆ ಬಂದಿತು; ಅದನ್ನು ಸೂಚಿಸಿದವರು ಜಾನ್ ಟ್ಯೂಕಿಯೆಂದು ಷಾನನ್ನರೇ ಅಲ್ಲಿ ಹೇಳಿರುವರು. ಎಂಟು ಬಿಟ್ಟುಗಳಿಗೆ ಒಂದು ಬೈಟು. ಬಿಲ್ಲಿನ ಲೆಕ್ಕವು ಬಿಟ್ಟಿನದು, ಕಡತವನ್ನು ಇಳಿಸಿಕೊಳ್ಳುವಾಗ ತೆರೆಯಲ್ಲಿ ಕಾಣುವ ಲೆಕ್ಕವು ಸಾಮಾನ್ಯವಾಗಿ ಬೈಟಿನದು. ಆದುದರಿಂದ ನೂರರ ಸಂಪರ್ಕದಲ್ಲಿ ಹನ್ನೆರಡೂವರೆ ಕಂಡುಬಂದರೆ ಮೋಸವೆಂದು ತಿಳಿಯತಕ್ಕದ್ದಿಲ್ಲ.

ತಂತಿಯ ಕಥೆಯು ಹಳೆಯದು. ೧೮೫೮ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲನೆಯ ಟೆಲಿಗ್ರಾಫ್ ಕೇಬಲಿನ ಮೂಲಕ ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬುಕಾನನ್ನರಿಗೆ ಕಳುಹಿಸಿದ ೯೮ ಪದಗಳ ಸಂದೇಶವು ದಾಟಿ ಮುಗಿಯಲು ಸುಮಾರು ೧೬ ಗಂಟೆ ಹಿಡಿಯಿತು. ಎರಡು ದಡಗಳ ನೆಲದ ತಂತಿಗಳಿಗೆ ಅದು ಕೆಲವೇ ನಿಮಿಷಗಳ ಕೆಲಸ. ತಂತಿ ಗುಮಾಸ್ತನ ಬೆರಳಿನ ವೇಗ ಒಂದು, ಸಮುದ್ರದಡಿಯ ಕೇಬಲು ಒಪ್ಪುವ ವೇಗ ಮತ್ತೊಂದು. ಸಂದೇಶಕ್ಕೆ ದೊರೆತುದು ಇವುಗಳಲ್ಲಿ ಕಿರಿದಾದುದು. ಕೇಬಲಿನ ಉದ್ದವು ಇಮ್ಮಡಿಯಾದರೆ ಸಂಕೇತಕ್ಕೆ ಆಗುವ ತಡವು ನಾಲ್ಮಡಿಯಾಗುವುದೆಂದು ವಿಲಿಯಂ ಥಾಮ್ಸನ್ನರು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಇದಕ್ಕೆ ಕೆಲವು ವರ್ಷಗಳ ಮೊದಲೇ ಗಣಿತದಿಂದ ತೋರಿಸಿದ್ದರು. ಆ ಕೇಬಲು ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. ೧೮೬೬ರ ಕೇಬಲಿನಲ್ಲಿ ನಿಮಿಷಕ್ಕೆ ಎಂಟು ಪದಗಳು ದಾಟಿದವು. ಅದನ್ನೇ ಅಂದಿನವರು ಅದ್ಭುತವೆಂದೆಣಿಸಿದರು.

ತಂತಿಯ ವೇಗಕ್ಕೆ ಅದರ ಉದ್ದವೇ ಕಡಿವಾಣವೆಂಬ ಈ ಪಾಠವು ಒಂದು ಶತಮಾನದ ಮೇಲೆ ಮನೆಯ ಟೆಲಿಫೋನಿನಲ್ಲಿ ಬೇರೆ ರೂಪದಿಂದ ಮರಳಿ ಬಂದಿತು. ಗಣಕಗಳನ್ನು ಟೆಲಿಫೋನಿನ ಮೂಲಕ ಮಾತನಾಡಿಸುವ ಮೋಡೆಮುಗಳು ೧೯೬೨ರ ಸುಮಾರಿನಲ್ಲಿ ಸೆಕೆಂಡಿಗೆ ೩೦೦ ಬಿಟ್ಟುಗಳನ್ನು ಸಾಗಿಸುತ್ತಿದ್ದವು. ೧೯೯೪ರಲ್ಲಿ ೨೮,೮೦೦, ೧೯೯೬ರಲ್ಲಿ ೩೩,೬೦೦. ಅಲ್ಲಿಗೆ ಹೆಚ್ಚುಕಡಮೆ ಷಾನನ್ನರು ಗೆರೆಯೆಳೆದಿದ್ದ ಎಲ್ಲೆಯು ಮುಟ್ಟಿದಂತಾಯಿತು. ಒಂದು ಹಾದಿಯಲ್ಲಿ ಎಷ್ಟು ಬಿಟ್ಟುಗಳು ತಪ್ಪಿಲ್ಲದೆ ಸಾಗಬಲ್ಲವೆಂಬುದು ಆ ಹಾದಿಯ ಆವರ್ತನದ ಅಗಲವನ್ನೂ, ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿರುವುದೆಂಬುದು ಅವರ ಸಿದ್ಧಾಂತ; ಮಾತಿಗಾಗಿ ಬಿಟ್ಟ ಹಾದಿಯ ಅಗಲವು ಮೂರು ಸಾವಿರ ಹರ್ಟ್ಸಿಗಿಂತ ಸ್ವಲ್ಪ ಹೆಚ್ಚು ಮಾತ್ರ. ೧೯೯೮ರ ೫೬,೦೦೦ದ ಮೋಡೆಮು ಟೆಲಿಫೋನ್ ಕಚೇರಿಯ ಕಡೆಯ ಭಾಗವು ಆಗಲೇ ಅಂಕಿಗಳಿಂದ ನಡೆಯುತ್ತಿದ್ದುದನ್ನು ಉಪಯೋಗಿಸಿಕೊಂಡು ಇಳಿಮುಖದಲ್ಲಿ ಮಾತ್ರ ಇನ್ನಷ್ಟು ಮುಂದುವರಿದಿತು. ವಾಸ್ತವವಾಗಿ ಆ ಇಕ್ಕಟ್ಟು ತಾಮ್ರದಲ್ಲಿರಲಿಲ್ಲ, ಟೆಲಿಫೋನ್ ಕಚೇರಿಯ ಯಂತ್ರಗಳಲ್ಲಿದ್ದಿತು. ಮನೆಗೂ ಕಚೇರಿಗೂ ನಡುವಣ ತಾಮ್ರದ ಜೋಡಿಯು ದಶಲಕ್ಷ ಹರ್ಟ್ಸುಗಳಿಗೂ ಮೀರಿದ ಆವರ್ತನಗಳನ್ನು ಹೊರಬಲ್ಲುದು. ಆದರೆ ದೂರ ಹೆಚ್ಚಿದಂತೆ ಮೇಲಣ ಆವರ್ತನಗಳು ಬೇಗ ಬಡಕಲಾಗುವುವು. ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರರು, ಮನೆಯವರು ಕಳುಹಿಸುವುದಕ್ಕಿಂತ ತರಿಸಿಕೊಳ್ಳುವುದೇ ಹೆಚ್ಚಾದುದರಿಂದ ಇಳಿಮುಖಕ್ಕೆ ಹೆಚ್ಚು ಪಾಲನ್ನು ಕೊಡತಕ್ಕದ್ದೆಂದು ೧೯೮೦ರ ದಶಕದ ಕೊನೆಯಲ್ಲಿ ವಾದಿಸಿದರು. ಅಲ್ಲಿಂದ ಬೆಳೆದ ಎ.ಡಿ.ಎಸ್.ಎಲ್. ಪದ್ಧತಿಯು ೧೯೯೯ರ ಅಂತರರಾಷ್ಟ್ರೀಯ ನಿಬಂಧನೆಯ ಪ್ರಕಾರ ೮ ಮೆಗಾಬಿಟ್, ೨೦೦೩ರ ನಿಬಂಧನೆಯ ಪ್ರಕಾರ ೨೪ ಮೆಗಾಬಿಟ್‌ವರೆಗೆ ಸಾಗಿಸಬಲ್ಲುದಾಯಿತು. (ಮೆಗಾಬಿಟ್ ಎಂದರೆ ಹತ್ತು ಲಕ್ಷ ಬಿಟ್, ಇಲ್ಲಿ ಎಲ್ಲೆಡೆಯೂ ಸೆಕೆಂಡಿನ ಲೆಕ್ಕ.) ಕಚೇರಿಯ ಪಕ್ಕದ ಬೀದಿಯಲ್ಲಿದ್ದವನಿಗೆ ಈ ಸಂಖ್ಯೆಗಳ ಸಮೀಪದ ಫಲವೂ, ಐದು ಕಿಲೋಮೀಟರು ಆಚೆಯಿದ್ದವನಿಗೆ ಅದರ ಅಲ್ಪಾಂಶವೂ ಲಭಿಸಿದವು.

ಹೀಗೆ ತಂತಿಯ ವೇಗವು ಒಬ್ಬ ಗಿರಾಕಿಗೂ ಒಂದು ಕಚೇರಿಗೂ ನಡುವಣ ಪ್ರತ್ಯೇಕವಾದ ದಾರಿಯ ಅಳತೆಯಾಗಿ ಬೆಳೆದುಬಂದಿತು. ನಿಸ್ತಂತುವಿನ ಹುಟ್ಟು ಬೇರೆ ಬಗೆಯದು. ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯವು ಹಲವು ದ್ವೀಪಗಳಲ್ಲಿ ಹರಡಿಕೊಂಡಿದ್ದಿತು. ದೊಡ್ಡ ಗಣಕವಿದ್ದುದು ಓಆಹು ದ್ವೀಪದಲ್ಲಿ ಮಾತ್ರ. ಟೆಲಿಫೋನ್ ತಂತಿಗಳನ್ನು ನೆಚ್ಚದೆ ರೇಡಿಯೋ ಅಲೆಗಳಿಂದಲೇ ಗಣಕವನ್ನು ಮುಟ್ಟುವ ಉಪಾಯವನ್ನು ಅಲ್ಲಿನ ಪ್ರಾಧ್ಯಾಪಕರಾದ ನಾರ್ಮನ್ ಅಬ್ರಮ್‌ಸನ್ನರೂ ಅವರ ಸಹೋದ್ಯೋಗಿಗಳೂ ಯೋಜಿಸಿದರು. ೧೯೭೧ರ ಜೂನಿನಲ್ಲಿ ಕೆಲಸಕ್ಕೆ ತೊಡಗಿದ ಈ ‘ಅಲೋಹಾ’ ಜಾಲದ ವೇಗವು ಸೆಕೆಂಡಿಗೆ ೯,೬೦೦ ಬಿಟ್.

ಇದರಲ್ಲಿ ಎಲ್ಲ ಕೇಂದ್ರಗಳಿಗೂ ಒಂದೇ ಆವರ್ತನ, ಮತ್ತು ಯಾರೂ ಯಾರಿಂದಲೂ ಅಪ್ಪಣೆಯನ್ನು ಕೇಳಬೇಕಾಗಿರಲಿಲ್ಲ. ಹೇಳಬೇಕಾದುದು ಇದ್ದಾಗ ಒಂದು ಪೊಟ್ಟಣವನ್ನು ಗಾಳಿಗೆ ಬಿಡುವುದು. ಮುಟ್ಟಿತೆಂಬ ಮರುನುಡಿಯು ಬಾರದಿದ್ದರೆ, ಬೇರೊಬ್ಬರ ಪೊಟ್ಟಣದೊಡನೆ ಡಿಕ್ಕಿಯಾಗಿರಬೇಕೆಂದು ತಿಳಿದು, ಮನಬಂದಷ್ಟು ಹೊತ್ತು ತಾಳಿ ಮತ್ತೆ ಬಿಡುವುದು. ಇಂತಹ ಹಾದಿಯಲ್ಲಿ ಹೆಚ್ಚೆಂದರೆ ಎಷ್ಟು ಮಾಲು ಸಾಗೀತೆಂಬುದನ್ನು ಅಬ್ರಮ್‌ಸನ್ನರು ೧೯೭೦ರ ಪ್ರಬಂಧದಲ್ಲಿಯೇ ಲೆಕ್ಕಹಾಕಿ ತೋರಿಸಿದ್ದರು. ಹಾದಿಯ ಶಕ್ತಿಯ ನೂರರಲ್ಲಿ ಸುಮಾರು ೧೮.೪ ಪಾಲು ಮಾತ್ರ. ಅದನ್ನು ಮೀರಿ ಜನರು ಮಾತನಾಡಹೋದರೆ ಡಿಕ್ಕಿಗಳೇ ಹೆಚ್ಚಿ ಸಾಗುವ ಮಾಲು ಇನ್ನೂ ಕಡಮೆಯಾಗುವುದು. ೯,೬೦೦ರಲ್ಲಿ ೧೮.೪ ಪಾಲೆಂದರೆ ಸುಮಾರು ೧,೭೬೫. ಕೇಂದ್ರದಿಂದ ಹೊರಗೆ ಹೋಗುವ ಹಾದಿಗೆ ಈ ಕಷ್ಟವಿರಲಿಲ್ಲ, ಅಲ್ಲಿ ಮಾತನಾಡುವವನು ಒಬ್ಬನೇ. ೧೯೭೨ರಲ್ಲಿ ಲಾರೆನ್ಸ್ ರಾಬರ್ಟ್ಸರು, ಪೊಟ್ಟಣಗಳನ್ನು ಗಡಿಯಾರದ ಗೊತ್ತಾದ ಹೊಡೆತಕ್ಕೆ ಮಾತ್ರ ಬಿಡತಕ್ಕದ್ದೆಂಬ ನಿಯಮದಿಂದ ಈ ಪಾಲನ್ನು ಇಮ್ಮಡಿ ಮಾಡಬಹುದೆಂದು ತೋರಿಸಿದರು. ಆದರೂ ಮೂರರಲ್ಲಿ ಎರಡು ಪಾಲಿನಷ್ಟು ನಷ್ಟವೇ. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ನಿಸ್ತಂತು ಜಾಲವು ಹುಟ್ಟುವುದಕ್ಕೆ ಮೊದಲೇ, ಅದರ ಸಂಕೇತದ ವೇಗ ಬೇರೆ, ಅದರಿಂದ ಮನುಷ್ಯನಿಗೆ ದೊರೆಯುವ ಫಲ ಬೇರೆ ಎಂಬುದನ್ನು ಅದರ ಜನಕರೇ ಅಚ್ಚುಹಾಕಿಸಿದ್ದರು. ಇದನ್ನು ಮರೆಸಿದವರು ಗಣಿತಜ್ಞರಲ್ಲ, ಪೆಟ್ಟಿಗೆಯ ಮೇಲಣ ಅಕ್ಷರಗಳನ್ನು ಬರೆದವರು.

ಅಬ್ರಮ್‌ಸನ್ನರ ಪ್ರಬಂಧವನ್ನು ಓದಿದ ರಾಬರ್ಟ್ ಮೆಟ್‌ಕಾಫರು ಅದೇ ತತ್ತ್ವವನ್ನು ತಂತಿಗೆ ತಿರುಗಿಸಿ ೧೯೭೩ರಲ್ಲಿ ಈಥರ್‌ನೆಟ್ಟನ್ನು ಕಲ್ಪಿಸಿದರು. ಅದರ ವೇಗವು ೨.೯೪ ಮೆಗಾಬಿಟ್. ಮಾತನಾಡುವ ಮೊದಲು ಕೇಳಿಸಿಕೊಳ್ಳುವುದು, ಮಾತನಾಡುತ್ತಿರುವಾಗಲೇ ಡಿಕ್ಕಿಯನ್ನು ಅರಿತು ನಿಲ್ಲಿಸುವುದು, ಇವೆರಡರಿಂದ ತಂತಿಯಲ್ಲಿ ನಷ್ಟವು ಬಹಳ ಕಡಮೆಯಾಯಿತು. ಗಾಳಿಯಲ್ಲಿ ಎರಡನೆಯದು ಸಾಧ್ಯವಾಗಲಿಲ್ಲ. ತನ್ನ ಕೂಗಿನ ನಡುವೆ ದೂರದವನ ಪಿಸುಮಾತು ರೇಡಿಯೋವಿಗೆ ಕೇಳಿಸದು.

ನಿಸ್ತಂತುವಿಗೆ ಜಾಗವು ದೊರೆತುದೂ ಒಂದು ಬಗೆಯ ಉಳಿಕೆಯ ಜಾಗವೇ. ೧೯೪೭ರ ಅಟ್ಲಾಂಟಿಕ್ ಸಿಟಿ ಸಮ್ಮೇಳನದಲ್ಲಿ ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯದ ಉಪಕರಣಗಳಿಗೆಂದು ಕೆಲವು ಆವರ್ತನಗಳನ್ನು ಮೀಸಲಿಟ್ಟಿದ್ದರು. ಮೈಕ್ರೋವೇವ್ ಒಲೆಯು ಉರಿಯುವುದು ಇವುಗಳಲ್ಲೊಂದಾದ ೨.೪೫ ಗಿಗಾಹರ್ಟ್ಸಿನಲ್ಲಿ. ೧೯೮೫ರ ಮೇ ತಿಂಗಳಿನಲ್ಲಿ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನವರು, ಮೈಕೇಲ್ ಮಾರ್ಕಸ್ ಎಂಬ ಇಂಜಿನಿಯರರ ಪ್ರಯತ್ನದ ಫಲವಾಗಿ, ಈ ಪಟ್ಟಿಗಳಲ್ಲಿ ಲೈಸೆನ್ಸಿಲ್ಲದೆ ಸಂದೇಶಗಳನ್ನು ಕಳುಹಿಸಲು ಅನುಮತಿಯಿತ್ತರು. ಅಂಗಡಿಯ ಹಣದ ಪೆಟ್ಟಿಗೆಗಳನ್ನು ತಂತಿಯಿಲ್ಲದೆ ಜೋಡಿಸಬೇಕೆಂದಿದ್ದ ಎನ್.ಸಿ.ಆರ್. ಸಂಸ್ಥೆಯ ಡಚ್ ಶಾಖೆಯವರು ಮುಂದೆ ಬಂದರು. ಅವರಲ್ಲೊಬ್ಬರಾದ ವಿಕ್ಟರ್ ಹೇಸರು ಐ.ಇ.ಇ.ಇ. ಸಂಸ್ಥೆಯ ೮೦೨.೧೧ ಎಂಬ ಸಮಿತಿಗೆ ಹತ್ತು ವರ್ಷಗಳ ಕಾಲ ಅಧ್ಯಕ್ಷರಾಗಿದ್ದರು. ೧೯೯೭ರ ಮೊದಲನೆಯ ನಿಬಂಧನೆಯಲ್ಲಿ ೧ ಮತ್ತು ೨ ಮೆಗಾಬಿಟ್, ೧೯೯೯ರಲ್ಲಿ ೧೧ ಮೆಗಾಬಿಟ್. ‘ವೈಫೈ’ ಎಂಬ ಹೆಸರು ೧೯೯೯ರಲ್ಲಿ ವರ್ತಕರು ಹೆಸರಿಡುವ ಕಸುಬಿನವರಿಂದ ಮಾಡಿಸಿಕೊಂಡುದು.

ಈ ಹನ್ನೊಂದೆಂಬ ಸಂಖ್ಯೆಯನ್ನು ಬಿಡಿಸಿ ನೋಡುವುದು ಉಪಯುಕ್ತ. ಮುಂದಿನ ಎಲ್ಲ ಸಂಖ್ಯೆಗಳ ಕೀಲಿಯೂ ಇಲ್ಲಿಯೇ ಇರುವುದು. ೧,೫೦೦ ಬೈಟುಗಳ ಒಂದು ಪೊಟ್ಟಣದಲ್ಲಿ ೧೨,೦೦೦ ಬಿಟ್ಟುಗಳಿವೆ. ಹನ್ನೊಂದು ಮೆಗಾಬಿಟ್ಟಿನ ಲೆಕ್ಕದಲ್ಲಿ, ವಿಳಾಸ ಮೊದಲಾದುವನ್ನೂ ಸೇರಿಸಿ, ಇದು ಗಾಳಿಯಲ್ಲಿ ಹಾದುಹೋಗಲು ಸೆಕೆಂಡಿನ ದಶಲಕ್ಷಾಂಶಗಳಲ್ಲಿ ಸುಮಾರು ೧,೧೦೦ ಬೇಕು. ಆದರೆ ಪೊಟ್ಟಣದ ಮುಂದೆ ಒಂದು ಪೀಠಿಕೆಯು ಹೋಗಬೇಕು. ದೂರದ ಹಾಗೂ ಹಳೆಯ ಉಪಕರಣಗಳಿಗೂ ತಿಳಿಯಲೆಂದು ಅದನ್ನು ೧ ಮೆಗಾಬಿಟ್ಟಿನ ನಿಧಾನದಲ್ಲಿಯೇ ನುಡಿಯುವರು. ಅದಕ್ಕೆ ೧೯೨. ಮಾತಿಗೆ ಮೊದಲು ಹಾದಿಯು ಬರಿದಾಗಿದೆಯೇ ಎಂದು ಆಲಿಸಿ, ಬಳಿಕ ಡಿಕ್ಕಿಯ ಭಯದಿಂದ ಮನಬಂದಷ್ಟು ತಾಳುವ ಹೊತ್ತು, ಸರಾಸರಿಯಲ್ಲಿ ೩೬೦. ಮುಟ್ಟಿತೆಂಬ ಮರುನುಡಿಗೆ, ಅದರದೇ ಪೀಠಿಕೆಯೊಡನೆ, ಸುಮಾರು ೨೫೦. ಒಟ್ಟು ೧,೯೦೦ಕ್ಕೆ ಮೇಲಾಯಿತು. ಹನ್ನೆರಡು ಸಾವಿರ ಬಿಟ್ಟುಗಳನ್ನು ಇದರಿಂದ ಭಾಗಿಸಿದರೆ ದೊರೆಯುವುದು ೬ ಮೆಗಾಬಿಟ್ಟಿನ ಸುಮಾರು. ಅಂತರಜಾಲದ ಸ್ವಂತ ಮರುನುಡಿಗಳಿಗೂ ಎಡೆಗೊಟ್ಟ ಮೇಲೆ ಐದರ ಸಮೀಪ. ಮನೆಯಲ್ಲಿ ಒಂದೇ ಗಣಕವಿದ್ದು, ಅದು ಪೆಟ್ಟಿಗೆಯ ಎದುರಿನಲ್ಲಿಯೇ ಇದ್ದಾಗಿನ ಮಾತಿದು. ಪೆಟ್ಟಿಗೆಯು ಸುಳ್ಳನ್ನಾಡಲಿಲ್ಲ; ಹನ್ನೊಂದರ ವೇಗದಲ್ಲಿ ಅದು ಮಾತನಾಡಿದುದು ನಿಜ. ಅದು ಬಾಯ್ತೆರೆದಿದ್ದ ಹೊತ್ತನ್ನು ಮಾತ್ರ ಎಣಿಸಿ, ಕಾದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗೋಡೆಗಳೂ ನೆರೆಯವರೂ ಇದಕ್ಕೆ ಕೂಡಿಕೊಳ್ಳುವರು. ಸಂಕೇತವು ಬಡಕಲಾದಂತೆ ಉಪಕರಣವು ಹನ್ನೊಂದರಿಂದ ಐದೂವರೆಗೆ, ಎರಡಕ್ಕೆ, ಒಂದಕ್ಕೆ ತಾನಾಗಿಯೇ ಇಳಿಯುವುದು. ಇದರಲ್ಲಿ ಒಂದು ವಿಚಿತ್ರವನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದರು. ಪೊಟ್ಟಣಕ್ಕೊಂದು ಸರದಿಯಾದುದರಿಂದ, ಒಂದು ಮೆಗಾಬಿಟ್ಟಿನಲ್ಲಿ ನುಡಿಯುವ ದೂರದ ಗಣಕವು ತನ್ನ ಸರದಿಯಲ್ಲಿ ಹತ್ತರಷ್ಟು ಹೊತ್ತನ್ನು ನುಂಗುವುದು. ಆಗ ಪೆಟ್ಟಿಗೆಯ ಪಕ್ಕದಲ್ಲಿದ್ದು ಹನ್ನೊಂದನ್ನು ತೋರಿಸುತ್ತಿರುವ ಗಣಕಕ್ಕೂ ಒಂದಕ್ಕಿಂತ ಕಡಮೆಯೇ ಲಭಿಸುವುದು. ತೆರೆಯ ಮೇಲಣ ಸಂಖ್ಯೆ ಮಾತ್ರ ಬದಲಾಗದು. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಸ್ನಾನದ ಮನೆಯ ಮುಂದಣ ಸರದಿಯ ನೆನಪು ಬಂದರೆ ಆಶ್ಚರ್ಯವಿಲ್ಲ.

ಎರಡು ಚರಿತ್ರೆಗಳೂ ಒಂದೇ ಪೆಟ್ಟಿಗೆಯೊಳಗೆ ಸೇರಿದುದಕ್ಕೆ ಒಳ್ಳೆಯ ಸಾಕ್ಷ್ಯವು ೧೯೯೯ರ ಜುಲೈಯಲ್ಲಿ ಆಪಲ್ ಸಂಸ್ಥೆಯವರು ಪ್ರಕಟಿಸಿದ ‘ಏರ್‌ಪೋರ್ಟ್’ ಎಂಬ ಗೃಹೋಪಯೋಗದ ಉಪಕರಣ. ಅದರ ಒಳಗಡೆ ೧೧ ಮೆಗಾಬಿಟ್ಟಿನ ರೇಡಿಯೋವೂ, ಟೆಲಿಫೋನಿಗೆ ಜೋಡಿಸಲು ೫೬ ಕಿಲೋಬಿಟ್ಟಿನ ಮೋಡೆಮೂ, ೧೦ ಮೆಗಾಬಿಟ್ಟಿನ ಈಥರ್‌ನೆಟ್ ಕಿಂಡಿಯೂ ಇದ್ದವು. ಮೋಡೆಮಿನಿಂದ ಅಂತರಜಾಲವನ್ನು ಮುಟ್ಟುತ್ತಿದ್ದವನಿಗೆ ರೇಡಿಯೋ ವೇಗವು ತಂತಿಯ ವೇಗದ ೧೯೬ ಪಾಲು. ಅರ್ಧ ಪಾಲು ಗಾಳಿಯಲ್ಲಿ ಹೋದರೂ ಇನ್ನೂ ತೊಂಬತ್ತು ಪಾಲಿಗೆ ಮೀರಿ ಉಳಿಯುವುದು. ಆ ಕಾಲಕ್ಕೆ ನಿಸ್ತಂತುವಿನ ಸಂಖ್ಯೆಯು ಎಷ್ಟೇ ಉಬ್ಬಿದ್ದರೂ ಯಾರಿಗೂ ಹಾನಿಯಿರಲಿಲ್ಲ. ಇಕ್ಕಟ್ಟಾದುದು ತಂತಿಯೆಂಬುದರಲ್ಲಿ ಸಂಶಯವೇ ಇರಲಿಲ್ಲ. ನಿಧಾನವೆಂದರೆ ತಂತಿಯವನ ದೋಷವೆಂಬ ಇಂದಿನ ನಂಬಿಕೆಯು ಆ ಕಾಲದ ಸತ್ಯದ ಉಳಿಕೆಯೆಂದು ನಮಗೆ ತೋರುವುದು.

ನಮ್ಮ ದೇಶದಲ್ಲಿಯೂ ಹೀಗೆಯೇ ಆಯಿತು. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮದವರು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದಾಗ ಡಯಲ್‌ಅಪ್ ವೇಗವು ೯.೬ ಕಿಲೋಬಿಟ್, ಅಲೋಹಾ ಜಾಲವು ಗಾಳಿಯಲ್ಲಿ ೧೯೭೧ರಲ್ಲಿ ನುಡಿದ ವೇಗವೇ. ೨೦೦೪ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿಯು ೨೫೬ ಕಿಲೋಬಿಟ್ಟನ್ನು ಕನಿಷ್ಠವೆಂದು ವಿಧಿಸಿತು. ಆ ವ್ಯಾಖ್ಯೆಯಲ್ಲಿ ಒಂದು ಮಾತು ವಿಚಾರಾರ್ಹವಾಗಿದೆ: ಈ ವೇಗವು ಸೇವಾಸಂಸ್ಥೆಯ ಸ್ಥಳೀಯ ಕ್ಷೇತ್ರದಿಂದ ಗಿರಾಕಿಯವರೆಗೆ ಇರತಕ್ಕದ್ದು. ಆ ಕ್ಷೇತ್ರದಿಂದಾಚೆಗೆ ಲೋಕದ ಕಡೆಯ ದಾರಿಯಾಗಲಿ, ಗಿರಾಕಿಯ ಹೊಸಲಿನಿಂದ ಈಚೆಗೆ ಗಾಳಿಯ ದಾರಿಯಾಗಲಿ ಅದರಲ್ಲಿ ಸೇರಿಲ್ಲ. ಗಳೆಯ ಹೆಸರನ್ನು ಹೇಳಿದ ಪತ್ರವು ಇದೊಂದು. ಬಿಲ್ಲಿಗೆ ಇಳಿಯುವಾಗ ಆ ಹೆಸರು ಉದುರಿಹೋಗಿ ಸಂಖ್ಯೆ ಮಾತ್ರ ಉಳಿಯಿತು.

೨೦೦೫ರ ಜನವರಿಯಲ್ಲಿ ಎರಡು ಕಾರ್ಯಗಳು ಒಟ್ಟಿಗೆ ನಡೆದವು. ಬಿ.ಎಸ್.ಎನ್.ಎಲ್. ಸಂಸ್ಥೆಯವರು ತಾಮ್ರದ ತಂತಿಯ ಮೇಲೆ ‘ಡೇಟಾಒನ್’ ಎಂಬ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದರು. ಅದೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ೨.೪ ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿಯನ್ನು ಕೊಟ್ಟು ನಿಯಮಗಳನ್ನು ಹೊರಡಿಸಿತು. ೧೯೩೩ರ ನಿಸ್ತಂತು ಟೆಲಿಗ್ರಾಫಿಯ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ರೇಡಿಯೋ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿದ್ದುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಅಂದಿನ ರೇಡಿಯೋ ವೇಗವು ೨೦೦೩ರ ನಿಬಂಧನೆಯಂತೆ ೫೪ ಮೆಗಾಬಿಟ್. ತಂತಿಯು ೨೫೬ ಕಿಲೋಬಿಟ್. ಪ್ರಮಾಣವು ೨೧೧ಕ್ಕೆ ಒಂದು. ಗಣಕದ ಮೂಲೆಯಲ್ಲಿ ೫೪ ಎಂಬ ಸಂಖ್ಯೆಯು ಮೂಡಿದಾಗ ಅದನ್ನು ಅಂತರಜಾಲದ ವೇಗವೆಂದು ಭಾವಿಸಿದ ಗೃಹಸ್ಥನು, ತನಗೆ ಸಲ್ಲಬೇಕಾದುದರಲ್ಲಿ ಇನ್ನೂರಕ್ಕೊಂದಂಶವೂ ಸಲ್ಲಲಿಲ್ಲವೆಂದು ಕೊರಗಿದುದು ಸಹಜವೇ.

ಗಾಜಿನ ಎಳೆಯು ಮನೆಯವರೆಗೆ ಬಂದ ಮೇಲೆ ಸ್ಥಿತಿಯು ತಿರುಗಿತು. ಎಳೆಯಲ್ಲಿ ದೂರದ ಭಯವು ಬಹುಮಟ್ಟಿಗೆ ಇಲ್ಲ. ೨೦೦೩ರ ಜಿ-ಪಾನ್ ಪದ್ಧತಿಯಲ್ಲಿ ಒಂದು ಎಳೆಯು ೨,೪೮೮ ಮೆಗಾಬಿಟ್ಟನ್ನು ಇಳಿಸುವುದು. ನೂರು, ಇನ್ನೂರು, ಐನೂರರ ಸಂಪರ್ಕಗಳು ಸಾಮಾನ್ಯವಾದವು. ನಿಸ್ತಂತುವೂ ಕೈಕಟ್ಟಿ ಕೂಡಲಿಲ್ಲ: ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಒ. ಸಂಸ್ಥೆಯಲ್ಲಿ ರೇಡಿಯೋ ಖಗೋಳಜ್ಞರಾದ ಜಾನ್ ಒ’ಸಲಿವನ್ನರೂ ಸಂಗಡಿಗರೂ ಗೋಡೆಗಳಿಂದ ಮರಳುವ ಪ್ರತಿಧ್ವನಿಗಳ ತೊಡಕನ್ನು ಬಿಡಿಸುವ ದಾರಿಯನ್ನು ೧೯೯೦ರ ದಶಕದ ಆರಂಭದಲ್ಲಿಯೇ ಕಂಡಿದ್ದರು. ೨೦೦೯ರ ನಿಬಂಧನೆಯು ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಹಲವು ಧಾರೆಗಳನ್ನು ಬಿಟ್ಟು ಹೆಚ್ಚೆಂದರೆ ೬೦೦ ಮೆಗಾಬಿಟ್ ಎಂದಿತು. ೨೦೧೩ರದು ಇನ್ನೂ ಮೇಲೇರಿತು. ಆದರೆ ೨.೪ ಗಿಗಾಹರ್ಟ್ಸ್ ಪಟ್ಟಿಯ ಅಗಲವು ೧೯೮೫ರಲ್ಲಿ ಎಷ್ಟಿದ್ದಿತೋ ಇಂದೂ ಅಷ್ಟೇ. ಒಂದರ ಮೇಲೊಂದು ಬೀಳದಂತೆ ಅದರಲ್ಲಿ ಮೂರು ಹಾದಿಗಳು ಮಾತ್ರ ಹಿಡಿಯುವುವು. ಬೆಂಗಳೂರಿನ ವಠಾರವೊಂದರಲ್ಲಿ ಹನ್ನೆರಡು ಮನೆಗಳಿದ್ದರೆ, ಹನ್ನೆರಡು ಬಿಲ್ಲುಗಳೂ ಬೇರೆ, ಹನ್ನೆರಡು ಎಳೆಗಳೂ ಬೇರೆ. ಗಾಳಿ ಮಾತ್ರ ಒಂದೇ. ಐದು ಗಿಗಾಹರ್ಟ್ಸಿನ ಪಟ್ಟಿಯು ವಿಶಾಲವಾದುದು, ಆದರೆ ಗೋಡೆಗಳನ್ನು ದಾಟುವುದರಲ್ಲಿ ದುರ್ಬಲ. ಹೀಗೆ ಇಕ್ಕಟ್ಟು ಬೀದಿಯಿಂದ ನಡುಮನೆಗೆ ಬಂದು ನಿಂತಿತು.

ಇಲ್ಲಿಗೆ ಪೆಟ್ಟಿಗೆಯ ಮೇಲಣ ಸಂಖ್ಯೆಯು ಹಾನಿಕರವಾಯಿತು. ಹೆಚ್ಚಾಗಿ ಮಾರಾಟವಾದ ‘ಎ.ಸಿ. ೧೨೦೦’ ಎಂಬ ವರ್ಗವನ್ನು ತೆಗೆದುಕೊಳ್ಳೋಣ. ಈ ಸಂಖ್ಯೆಯು ೨.೪ ಪಟ್ಟಿಯ ೩೦೦ನ್ನೂ ೫ ಪಟ್ಟಿಯ ೮೬೭ನ್ನೂ ಕೂಡಿಸಿ, ಬಂದ ೧,೧೬೭ನ್ನು ದುಂಡಗೆ ಮಾಡಿದುದು. ಸಾಮಾನ್ಯ ಫೋನು ಒಂದು ಹೊತ್ತಿನಲ್ಲಿ ಒಂದು ಪಟ್ಟಿಯನ್ನೇ ಹಿಡಿಯುವುದರಿಂದ ಈ ಮೊತ್ತವು ಅಂತಹ ಒಂದು ಉಪಕರಣಕ್ಕೆ ಎಂದಿಗೂ ದೊರೆಯತಕ್ಕದ್ದಲ್ಲ. ಎರಡು ಬಾವಿಗಳ ಆಳವನ್ನು ಕೂಡಿಸಿ ಒಂದು ಬಾವಿಯ ಆಳವೆಂದಂತೆ. ಆ ೩೦೦ಕ್ಕೂ ಇಮ್ಮಡಿ ಅಗಲದ ಹಾದಿ ಬೇಕು, ಅದು ಕಿಕ್ಕಿರಿದ ಬೀದಿಯಲ್ಲಿ ದೊರೆಯದು. ಇನ್ನೊಂದು ಸಂಗತಿ: ಈ ವರ್ಗದ ಅಗ್ಗದ ಪೆಟ್ಟಿಗೆಗಳಲ್ಲಿ ಹಲವಕ್ಕೆ ತಂತಿಯನ್ನು ಸಿಕ್ಕಿಸುವ ಕಿಂಡಿಯು ೧೦೦ ಮೆಗಾಬಿಟ್ಟಿನದು. ಅಂತಹ ಮನೆಯಲ್ಲಿ ಇನ್ನೂರರ ಬಿಲ್ಲನ್ನು ತೆರುವವನು ನೂರನ್ನು ಕಿಂಡಿಯಲ್ಲಿಯೇ ಚೆಲ್ಲುತ್ತಿರುವನು.

ತಂತಿಯ ಸಂಖ್ಯೆಯಾದರೂ ಶುದ್ಧವೇ ಎಂದು ಕೇಳಬಹುದು. ಸಂಪೂರ್ಣವಾಗಿ ಅಲ್ಲ. ಆ ೨,೪೮೮ನ್ನು ೩೨ ಅಥವಾ ೬೪ ಮನೆಗಳು ಹಂಚಿಕೊಳ್ಳುವುವು. ಅರುವತ್ತನಾಲ್ಕು ಮನೆಗಳೂ ಒಂದೇ ಗಳಿಗೆಯಲ್ಲಿ ಪೂರ್ತಿಯಾಗಿ ಸೇದಿದರೆ ತಲೆಗೆ ೩೯ರಷ್ಟು ಮಾತ್ರ. ಹಾಗೆ ಎಲ್ಲರೂ ಒಮ್ಮೆಗೇ ಸೇದುವುದಿಲ್ಲವೆಂಬ ಭರವಸೆಯ ಮೇಲೆ ನೂರು, ಇನ್ನೂರುಗಳನ್ನು ಮಾರುವರು. ಆದರೂ ಎರಡು ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ನಾವು ಒಪ್ಪಲಾರೆವು. ತಂತಿಯ ಸಂಖ್ಯೆಗೆ ಒಬ್ಬ ಹೊಣೆಗಾರನಿರುವನು, ಅದನ್ನು ಪರೀಕ್ಷಿಸಲು ಕಾನೂನಿನ ಗೆರೆಯೂ ಇರುವುದು. ೨೦೦೬ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮಾಡಿದ ನಿಬಂಧನೆಗಳು, ಸೇವಾಸಂಸ್ಥೆಯ ಘಟಕದಿಂದ ಬಳಕೆದಾರನವರೆಗೆ ಒಪ್ಪಿದ ವೇಗದ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ದೊರೆಯತಕ್ಕದ್ದೆಂದವು. ಬ್ರಾಡ್‌ಬ್ಯಾಂಡಿನ ಕನಿಷ್ಠವು ೨೦೧೩ರಲ್ಲಿ ೫೧೨ ಕಿಲೋಬಿಟ್ಟಿಗೂ ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ಟಿಗೂ ಏರಿತು. ಅಮೆರಿಕದಲ್ಲಿ ಅದೇ ಕನಿಷ್ಠವು ೨೦೧೫ರಲ್ಲಿ ೨೫, ೨೦೨೪ರಲ್ಲಿ ೧೦೦ ಮೆಗಾಬಿಟ್ ಆಯಿತು. ಗಾಳಿಯ ಸಂಖ್ಯೆಯು ಪ್ರಯೋಗಶಾಲೆಯ ಗರಿಷ್ಠ. ಮನೆಯ ಗೋಡೆಗೆ ಹೊಣೆಗಾರನು ಯಾರೂ ಇಲ್ಲ. ಆದುದರಿಂದ ದೂರು ಕೊಡುವವನು ಮೊದಲು ಒಂದು ಕೆಲಸವನ್ನು ಮಾಡತಕ್ಕದ್ದು: ಗಣಕವನ್ನು ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಿ ಅಳೆಯುವುದು, ಬಳಿಕ ತಂತಿಯನ್ನು ಬಿಡಿಸಿ ತಾನು ನಿತ್ಯವೂ ಕೂಡುವ ಸ್ಥಳದಲ್ಲಿ ಅದೇ ಹೊತ್ತಿಗೆ ಅಳೆಯುವುದು. ಮೊದಲನೆಯ ಅಳತೆಯು ಬಿಲ್ಲಿಗೆ ಸಮೀಪವಾಗಿದ್ದು ಎರಡನೆಯದು ಕುಸಿದಿದ್ದರೆ, ಹೆಚ್ಚಿನ ಬಿಲ್ಲಿನಿಂದ ಫಲವಿಲ್ಲ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ಈಚೆಗೆ ತಂದಿಡುವುದು ಹೆಚ್ಚು ಲಾಭಕರ. ಮೊದಲನೆಯದೇ ಕುಸಿದಿದ್ದರೆ, ಕಿಂಡಿಯು ನೂರರದಲ್ಲವೆಂದು ನೋಡಿಕೊಂಡು, ದೂರನ್ನು ಬರೆಯಬಹುದು.

೨೦೨೧ರಲ್ಲಿ ಐ.ಇ.ಇ.ಇ. ಸಂಸ್ಥೆಯು ಅಂಗೀಕರಿಸಿದ ೮೦೨.೧೧ಎಎಕ್ಸ್ ಎಂಬ ನಿಬಂಧನೆಯ ಗರಿಷ್ಠ ವೇಗವು ೯.೬ ಗಿಗಾಬಿಟ್; ಅಲೋಹಾ ಜಾಲದ ೯,೬೦೦ ಬಿಟ್ಟುಗಳಿಗೆ ಐವತ್ತು ವರ್ಷಗಳಲ್ಲಿ ಸರಿಯಾಗಿ ಹತ್ತು ಲಕ್ಷ ಪಾಲು. ಇದಕ್ಕೆ ಎಂಟು ಧಾರೆಗಳೂ ೧೬೦ ಮೆಗಾಹರ್ಟ್ಸಿನ ಹಾದಿಯೂ ಬೇಕು. ಕೈಯಲ್ಲಿ ಹಿಡಿಯುವ ಫೋನುಗಳಲ್ಲಿ ಸಾಮಾನ್ಯವಾಗಿರುವುದು ಎರಡು ಧಾರೆ. ಎಂಬತ್ತು ಮೆಗಾಹರ್ಟ್ಸಿನ ಹಾದಿಯಲ್ಲಿ ಅದರ ಗರಿಷ್ಠವು ೧.೨ ಗಿಗಾಬಿಟ್. ಆದರೆ ಈ ನಿಬಂಧನೆಯಲ್ಲಿ ಗರಿಷ್ಠಕ್ಕಿಂತ ದೊಡ್ಡ ವಿಷಯವು ಬೇರೊಂದಿದೆ. ಯಾರು ಯಾವ ಹೊತ್ತಿಗೆ ಹಾದಿಯ ಎಷ್ಟು ಪಾಲನ್ನು ಬಳಸತಕ್ಕದ್ದೆಂದು ನಡುವಣ ಪೆಟ್ಟಿಗೆಯೇ ಗೊತ್ತುಮಾಡಿ, ಒಂದೇ ಸಲಕ್ಕೆ ಹಲವರ ಮಾತನ್ನು ಕೇಳಿಸಿಕೊಳ್ಳುವ ಏರ್ಪಾಡನ್ನು ಅದು ವೈಫೈಗೆ ತಂದಿತು. ಮನಬಂದಾಗ ನುಡಿದು, ಕೆಟ್ಟರೆ ಮತ್ತೆ ನುಡಿಯುವ ಹವಾಯಿಯ ಕ್ರಮವು ಅಷ್ಟರಮಟ್ಟಿಗೆ ಹಿಂದೆ ಸರಿಯಿತು. ಅಬ್ರಮ್‌ಸನ್ನರು ೨೦೨೦ರ ಡಿಸೆಂಬರಿನಲ್ಲಿ, ಈ ಅಂಗೀಕಾರಕ್ಕೆ ಕೆಲವೇ ವಾರಗಳ ಮೊದಲು, ತೀರಿಕೊಂಡರು.